ತಿಮಿಂಗಿಲಕ್ಕೊಂದು ಗುಟುಕು ಸಿಹಿನೀರು

ಪಾಮಿಯುಕ್‌ನನ್ನು ನಮ್ಮೂರಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ನೀರಿನವನು ಅಂತ. ಈಟಿ ಎಸೆದವರ ಕಥೆ, ಚುಕ್ಕಾಣಿ ಹಿಡಿದವರ ಕಥೆ, ಬಿಳಿಕರಡಿಯನ್ನು ಬರಿ ಬೈಗುಳದಿಂದಲೇ ಓಡಿಸಿದವರ ಕಥೆ ಹೇಳುವುದಕ್ಕೆ ಈ ತೀರದ ಜನಕ್ಕೆ ಯಾವತ್ತೂ ಬೇಸರವಿಲ್ಲ. ನೀರು ತಂದವನ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಅವನು ತಂದ ನೀರಲ್ಲಿ ಚಹಾ ಕಾಯಿಸಿ, ಕುಡಿದು, ಗಂಟಲು ಸರಿಮಾಡಿಕೊಂಡು ಉಳಿದವರ ಕಥೆ ಹೇಳುತ್ತಾರೆ. ಆದ್ದರಿಂದ ಇವನದನ್ನು ನಾನೇ ಹೇಳಬೇಕಾಯಿತು.

ಅವನು ನೀರು ತರುತ್ತಿದ್ದದ್ದು ಸಮುದ್ರದಿಂದ. ಚಳಿಗಾಲಕ್ಕೆ ಕಡಲು ಹೆಪ್ಪುಗಟ್ಟುವಾಗ ಉಪ್ಪನ್ನು ತನ್ನಿಂದ ಆಚೆ ತಳ್ಳಲು ಶುರುಮಾಡುತ್ತದೆ. ಆದರೆ ಅವಸರದ ಕೆಲಸ ನೋಡಿ, ಅಷ್ಟಿಷ್ಟು ಒಳಗೇ ಸಿಕ್ಕಿಕೊಳ್ಳುತ್ತದೆ. ಆ ವರ್ಷದ ಮಂಜುಗಡ್ಡೆಯನ್ನು ಕರಗಿಸಿ ಚಹಾ ಮಾಡಿದರೆ ಕಣ್ಣೀರು ಕುಡಿದ ಹಾಗಿರುತ್ತದೆ. ಅದೇ ಗಡ್ಡೆ ಕರಗದೆ ಒಂದು ಬೇಸಿಗೆ ದಾಟಿತು ಅನ್ನಿ, ಒಳಗಿದ್ದ ಉಪ್ಪು ಮೆಲ್ಲಗೆ ಇಳಿದಿಳಿದು ಕಡಲಿಗೇ ವಾಪಸು ಹೋಗುತ್ತದೆ. ಇನ್ನೊಂದು ಬೇಸಿಗೆಯನ್ನೂ ದಾಟಿದರೆ ಉಳಿಯುವುದು ಸಿಹಿನೀರು. ಅಂಥ ಹಳೇಗಡ್ಡೆ ಮೂಲೆಗಳೆಲ್ಲ ಸವೆದು ಗುಂಡಗೆ, ನೀಲಿಯಾಗಿ ಕೂತಿರುತ್ತದೆ, ಹಾರೆಯಲ್ಲಿ ಕುಟ್ಟಿದರೆ ಗಾಜಿನಂತೆ ಚೂರಾಗುತ್ತದೆ. ಹೊಸ ಗಡ್ಡೆಯ ಬಣ್ಣ ಬೂದು, ಹಾರೆ ಅದರೊಳಗೆ ಮೆತ್ತಗೆ ಇಳಿಯುತ್ತದೆ. ಹೀಗೆಲ್ಲ ಹೇಳುವುದು ಸುಲಭ. ಗಾಳಿ ಬಿಸಿಲಿಗೆ ಸಿಕ್ಕಿ ಹಳೆಯದರ ವೇಷ ಹಾಕಿಕೊಂಡ ಹೊಸ ಗಡ್ಡೆಗಳೂ ಬೇಕಾದಷ್ಟು ಇರುತ್ತವೆ. ಅದಕ್ಕೇ ಒಂದು ಚೂರನ್ನು ನಾಲಿಗೆಯ ಮೇಲಿಟ್ಟು ನೋಡದೆ ಯಾರೂ ಜಾರುಬಂಡಿಗೆ ಹೇರುವುದಿಲ್ಲ.

ನೀರಿನವನಾಗಬೇಕು ಅಂತ ಪಾಮಿಯುಕ್ ಬಯಸಿದ್ದೇನೂ ಅಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಅವನೂ ಅಪ್ಪನ ತೊಗಲ ದೋಣಿಯಲ್ಲಿ ಹುಟ್ಟು ಹಾಕಲು ಕೂತಿದ್ದ. ಒಂದು ವಸಂತದಲ್ಲಿ ತಿಮಿಂಗಿಲ ದೋಣಿಯ ಪಕ್ಕದಲ್ಲೇ ಎದ್ದು ಉಸಿರು ಬಿಟ್ಟಿತು. ಈಟಿಗಾರ ಕೈ ಎತ್ತಿದ್ದ. ಅಷ್ಟರಲ್ಲಿ ಇವನ ಹುಟ್ಟು ಜಾರಿ ದೋಣಿಯ ಅಂಚಿಗೆ ಟಕ್ಕನೆ ಬಡಿಯಿತು. ತಿಮಿಂಗಿಲ ಮುಳುಗಿತು. ಆ ವರ್ಷ ಆ ತಂಡಕ್ಕೆ ಮತ್ತೆ ಒಂದೂ ಸಿಗಲಿಲ್ಲ. ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲರೂ ಚಹಾ ಕುಡಿದು, ಹವಾಮಾನದ ಮಾತಾಡಿ, ಅವನ ಕಡೆ ಬಹಳ ಪ್ರೀತಿಯಿಂದ ನೋಡಿದರು. ಆ ಪ್ರೀತಿಯನ್ನು ಅವನಿಗೆ ಜೀವಮಾನದಲ್ಲಿ ಮರೆಯಲು ಆಗಲಿಲ್ಲ.

ಮರುವರ್ಷ ಅಪ್ಪ ಅವನ ಕೈಗೆ ಹಾರೆ ಕೊಟ್ಟು, ಬಾ ನೀರು ತೋರಿಸುತ್ತೇನೆ ಅಂತ ಕರೆದುಕೊಂಡು ಹೋದ. ಅವತ್ತಿನಿಂದ ಅದೇ ಅವನ ಕೆಲಸ. ಅಪ್ಪನ ಕಾಲ ಮುಗಿದು ತಂಡದ ಯಜಮಾನಿಕೆ ಅಣ್ಣ ತುಲುಗಾಕ್‌ಗೆ ಬಂತು. ಹಾರೆ ತಮ್ಮನ ಕೈಯಲ್ಲೇ ಉಳಿಯಿತು. ಊರಿಗೆ ನಲ್ಲಿ ಬಂದ ಮೇಲೂ ಮುದುಕರ ಬಾಗಿಲಲ್ಲಿ ಅವನು ತಂದಿಟ್ಟ ನೀಲಿ ಗಡ್ಡೆ ಇರುತ್ತಿತ್ತು. ನಲ್ಲಿ ನೀರಿಗೆ ಆಸ್ಪತ್ರೆಯ ವಾಸನೆ, ಅದರ ಚಹಾ ಕುಡಿದರೆ ಕಾಯಿಲೆ ಇಲ್ಲದವರಿಗೂ ಮಲಗಬೇಕು ಅನ್ನಿಸುತ್ತದೆ ಅಂತ ಮುದುಕಿಯರು ಹೇಳುತ್ತಿದ್ದರು. ಹಾಗೆ ಹೇಳಿಸಿಕೊಂಡ ದಿನ ಅವನ ನಡಿಗೆಯೇ ಬೇರೆ ಇರುತ್ತಿತ್ತು.

ಮನುಷ್ಯರ ಚಹಾ ಹೋಗಲಿ. ಮುಖ್ಯವಾದದ್ದು ತಿಮಿಂಗಿಲದ ಬಾಯಾರಿಕೆ. ಹುಟ್ಟಿದಾಗಿನಿಂದ ಉಪ್ಪುನೀರಲ್ಲೇ ಇರುವ ಜೀವ ಅದು, ಗುಟುಕು ಸಿಹಿನೀರಿಗಾಗಿ ಹಂಬಲಿಸುತ್ತಿರುತ್ತದೆ. ಆ ಗುಟುಕನ್ನು ನಂಬಿಯೇ ಅದು ತನ್ನನ್ನು ನಮಗೆ ಕೊಟ್ಟುಕೊಳ್ಳುತ್ತದೆ. ಹಿಡಿದ ತಿಮಿಂಗಿಲವನ್ನು, ಹೆಪ್ಪುಗಟ್ಟಿದ ಕಡಲು ಮುಗಿದು ನೀರು ಶುರುವಾಗುವ ಮಂಜಿನ ಅಂಚಿಗೆ ಎಳೆತಂದ ಕೂಡಲೇ ಯಜಮಾನಿ, ಅಂದರೆ ತಂಡದ ಯಜಮಾನನ ಹೆಂಡತಿ, ಬಂದು ಮರದ ಗಿಂಡಿಯಿಂದ ಅದರ ಮೂತಿಗೆ ನೀರು ಎರೆಯಬೇಕು. ಆಮೇಲೇ ಚಾಕು. ತೃಪ್ತಿಯಾದರೆ ಅದು ಹೋಗಿ ಉಳಿದ ತಿಮಿಂಗಿಲಗಳಿಗೆ ಹೇಳುತ್ತದೆ, ಆ ಮನೆಯವರು ಒಳ್ಳೆಯವರು ಅಂತ. ತುಲುಗಾಕ್‌ನ ತಂಡದಲ್ಲಿ ಅಜ್ಜನ ಕಾಲದಿಂದ ಅದಕ್ಕೆ ಕಡಲಿನ ಹಳೇಗಡ್ಡೆಯ ನೀರೇ ಆಗಬೇಕು. ತಿಮಿಂಗಿಲ ಕುಡಿಯುವ ಮೊದಲು ಆ ಗಿಂಡಿಯ ನೀರನ್ನು ಯಾರೂ ಬಾಯಿಗೆ ಹಾಕುವಂತಿಲ್ಲ, ಎರೆಯುವ ಯಜಮಾನಿ ಕೂಡ. ಹಾಗಾಗಿ ಗಿಂಡಿಯೊಳಗಿನದಕ್ಕೆ ಪಾಮಿಯುಕ್‌ನ ನಾಲಿಗೆಯೊಂದೇ ಸಾಕ್ಷಿ.

ಆ ನಾಲಿಗೆ ಹೋದ ಚಳಿಗಾಲದಲ್ಲಿ ಸತ್ತುಹೋಯಿತು.

ಊರಿಗೆಲ್ಲ ಬಂದಿದ್ದ ಜ್ವರ ಅವನಿಗೂ ಬಂತು. ಉಳಿದವರದು ವಾಸಿಯಾದ ಹಾಗೆ ಅವನದೂ ವಾಸಿಯಾಯಿತು. ಎದ್ದು ಕೂತು ಹಸಿ ಮೀನನ್ನು ಸೀಲ್ ಎಣ್ಣೆಯಲ್ಲಿ ಅದ್ದಿ ತಿಂದ. ಬಾಯಲ್ಲಿ ಮೀನೂ ಇಲ್ಲ, ಎಣ್ಣೆಯೂ ಇಲ್ಲ, ಏನೋ ಮೆತ್ತಗಿನದು ಜಗಿದ ಹಾಗಾಯಿತು. ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತದೆ ಅಂದುಕೊಂಡ. ಸೂರ್ಯ ವಾಪಸು ಬಂದ, ಹಗಲು ಉದ್ದವಾಯಿತು, ರುಚಿ ಮಾತ್ರ ಬರಲಿಲ್ಲ. ಅಣ್ಣನಿಗೆ ಹೇಳಬೇಕು ಅಂತ ಎರಡು ಮೂರು ಸಲ ಅವನ ಮನೆ ಬಾಗಿಲವರೆಗೂ ಹೋಗಿ, ಹೊರಗೆ ನಿಂತ ನಾಯಿಯ ತಲೆ ಸವರಿ ವಾಪಸು ಬಂದ. ಹೇಳಿದರೆ ಅಣ್ಣ ಬೈಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಮತ್ತೆ ಎಲ್ಲರೂ ಪ್ರೀತಿಯಿಂದ ನೋಡುತ್ತಾರೆ, ಹಾರೆ ಇನ್ನೊಬ್ಬನ ಕೈಗೆ ಹೋಗುತ್ತದೆ. ಹುಟ್ಟು ಹೋದಾಗ ಹಾರೆಯಾದರೂ ಸಿಕ್ಕಿತ್ತು. ಹಾರೆಯೂ ಹೋದರೆ ಆಮೇಲೆ ಏನು ಅನ್ನುವುದು ಅವನಿಗೆ ಹೊಳೆಯಲಿಲ್ಲ. ಸುಮ್ಮನಿದ್ದುಬಿಟ್ಟ.

ವಸಂತ ಬಂತು, ತಂಡ ಮಂಜಿನ ಅಂಚಿಗೆ ಹೋಗಿ ಡೇರೆ ಹಾಕಿತು. ಈಚಿನ ವರ್ಷಗಳಲ್ಲಿ ಹಳೇಗಡ್ಡೆಗೆ ಬರ. ಬೇಸಿಗೆ ದಾಟಿ ಉಳಿಯುವ ಗಡ್ಡೆಯೇ ಕಡಿಮೆ. ಪಾಮಿಯುಕ್ ಮೋಟಾರು ಜಾರುಬಂಡಿ ಹತ್ತಿ ದಿನವಿಡೀ ಅಲೆದ. ಕೊನೆಗೆ ಮಂಜಿನ ದಿಬ್ಬದ ಆಚೆ ಗುಂಡಗಿನ, ತಿಳಿನೀಲಿಯ ಒಂದು ಗಡ್ಡೆ ಕಂಡಿತು. ಹಾರೆಯಲ್ಲಿ ಕುಟ್ಟಿದ. ಚೂರಾಯಿತು, ಆದರೆ ಗಾಜಿನಷ್ಟು ಚೂರಾಯಿತೇ ಇಲ್ಲವೇ ಅಂತ ಅನುಮಾನ. ಅಭ್ಯಾಸ ಬಲದಿಂದ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಂತ. ತಣ್ಣಗಿತ್ತು. ಅದಕ್ಕಿಂತ ಹೆಚ್ಚಿಗೆ ನಾಲಿಗೆ ಏನೂ ಹೇಳಲಿಲ್ಲ. ನೀಲಿ ಇದೆ, ಗುಂಡಗಿದೆ, ಇದು ಹಳೆಯದೇ ಅಂತ ತನಗೆ ತಾನೇ ಹೇಳಿಕೊಂಡು ಹೇರಿದ. ಅರ್ಧ ಡೇರೆಗೆ ಕೊಟ್ಟು, ಗಿಂಡಿಗೆ ಬೇಕಾದಷ್ಟನ್ನು ಊರಿಗೆ ಒಯ್ದು ಅತ್ತಿಗೆ ನಿವಿಯಾಕ್‌ಗೆ ಒಪ್ಪಿಸಿ ಬಂದ.

ಡೇರೆಯಲ್ಲಿ ಚಹಾ ಆಯಿತು. ಎಲ್ಲರೂ ಕುಡಿದರು. ಪಾಮಿಯುಕ್ ಒಬ್ಬೊಬ್ಬರ ಮುಖವನ್ನೂ ಕದ್ದು ನೋಡಿದ. ಯಾರ ಮುಖವೂ ಹುಳ್ಳಗಾಗಲಿಲ್ಲ, ಯಾರೂ ಲೋಟ ಕೆಳಗಿಡಲಿಲ್ಲ. ಅವನಿಗೆ ಜೀವ ಬಂದ ಹಾಗಾಯಿತು. ಆ ಸಮಾಧಾನದಲ್ಲಿ ಅವನು ಒಂದು ವಿಷಯ ಮರೆತ. ಬೇಟೆಯ ಡೇರೆಯಲ್ಲಿ ಯಾರೂ ಗೊಣಗುವಂತಿಲ್ಲ. ಊಟ ಸರಿಯಿಲ್ಲ, ಚಳಿ ಹೆಚ್ಚು, ಅವನು ಹೀಗೆ ಮಾಡಿದ ಅಂತ ದೂರು ಹೇಳಿದರೆ ಮಂಜಿನ ಕೆಳಗೆ ತಿಮಿಂಗಿಲಕ್ಕೆ ಕೇಳಿಸುತ್ತದೆ, ಜಗಳಗಂಟರ ಮನೆಗೆ ಅದು ಬರುವುದಿಲ್ಲ. ಅಲ್ಲಿ ಕೊಟ್ಟದ್ದು ಬೂಟಿನ ತೊಗಲಾದರೂ ಚೆನ್ನಾಗಿದೆ ಅಂತ ಅಗಿಯಬೇಕು.

ಇದಕ್ಕೆ ಸೇರದವನು ಓಟಿಸ್ ಒಬ್ಬ. ಅವನು ದೋಣಿಯ ಚುಕ್ಕಾಣಿಯವನು, ಪಾಮಿಯುಕ್‌ನ ಸೋದರತ್ತೆ ಮಗ. ನಮ್ಮಲ್ಲಿ ಭಾವಂದಿರು ಒಬ್ಬರನ್ನೊಬ್ಬರು ಹಂಗಿಸದೆ ಇದ್ದರೆ ಅವರಲ್ಲಿ ಏನೋ ಮುನಿಸಿದೆ ಅಂತಲೇ ಲೆಕ್ಕ. ಅದು ಗೊಣಗಾಟವಲ್ಲ, ತಮಾಷೆ. ಇಲ್ಲದ ಕೊರತೆಯನ್ನು ಎತ್ತಿ ಆಡಿದರೆ ತಮಾಷೆ, ಇರುವ ಕೊರತೆಯನ್ನು ಆಡಿದರೆ ದೂರು. ಈ ವ್ಯತ್ಯಾಸ ಇಲ್ಲಿನ ಮಕ್ಕಳಿಗೂ ಗೊತ್ತು. ಅರ್ಧ ಆಯುಷ್ಯ ಓಟಿಸ್ ಇವನ ನೀರನ್ನು ಆಡಿಕೊಂಡೇ ಕುಡಿದಿದ್ದ. ನಾಯಿ ಕಾಲೆತ್ತಿದ ಗಡ್ಡೆಯನ್ನೇ ಹುಡುಕಿ ತರುತ್ತೀಯಲ್ಲ, ನಿನ್ನ ಕಾಲುಚೀಲ ಹಿಂಡಿದರೂ ಇದಕ್ಕಿಂತ ರುಚಿ ಬರುತ್ತದೆ, ಹೀಗೆ ಪ್ರತಿ ಲೋಟಕ್ಕೊಂದು. ಈ ಸಲ ಎರಡು ದಿನವಾದರೂ ಒಂದೂ ಬಂದಿರಲಿಲ್ಲ, ಸಮಾಧಾನದಲ್ಲಿದ್ದ ಪಾಮಿಯುಕ್ ಅದನ್ನು ಗಮನಿಸಿರಲಿಲ್ಲ.

ಮೂರನೆಯ ದಿನ ಗಾಳಿ ನಿಂತು ನೀರು ಕನ್ನಡಿಯಂತೆ ಬಿದ್ದಿತ್ತು. ಎಲ್ಲರೂ ದೋಣಿಯ ಪಕ್ಕ ಪಿಸುಮಾತಲ್ಲಿ ಕೂತಿದ್ದರು. ಪಾಮಿಯುಕ್ ಓಟಿಸ್‌ಗೆ ಚಹಾ ಬಗ್ಗಿಸಿ ಕೊಟ್ಟ. ಓಟಿಸ್ ಒಂದು ಗುಟುಕು ಕುಡಿದು, ದೂರದ ನೀರಿನ ಕಡೆ ನೋಡುತ್ತ ಹೇಳಿದ.

"ಚೆನ್ನಾಗಿದೆ ಭಾವ ಚಹಾ."

ಪಾಮಿಯುಕ್ ತಟ್ಟನೆ ಅವನ ಕಡೆ ತಿರುಗಿದ. ಏನಂದೆ ಅಂತ ಕೇಳಿದ. ಚೆನ್ನಾಗಿದೆ ಅಂದೆ ಅಂತ ಓಟಿಸ್ ಇನ್ನೊಂದು ಗುಟುಕು ಕಷ್ಟಪಟ್ಟು ನುಂಗಿದ. ಅವನ ಕಣ್ಣಲ್ಲಿ ಆ ಹಳೆಯ ಪ್ರೀತಿ ಇತ್ತು, ಹುಟ್ಟು ಬಡಿದ ದಿನ ಎಲ್ಲರ ಕಣ್ಣಲ್ಲೂ ಇದ್ದದ್ದು.

ಪಾಮಿಯುಕ್ ಎದ್ದು ಡೇರೆಯೊಳಗೆ ಹೋದ. ಒಲೆಯ ಮೇಲೆ ಯಾರೋ ಮರೆತ ಕೆಟಲು ನೀರೆಲ್ಲ ಇಂಗಿ ಒಣಗಿ ಕೂತಿತ್ತು. ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಬೆಳ್ಳಗಿನ ಹಕ್ಕಳೆ. ಉಗುರಲ್ಲಿ ಕೆರೆದ, ಪುಡಿಪುಡಿಯಾಗಿ ಉದುರಿತು. ಅದನ್ನು ನಾಲಿಗೆಗೆ ಹಚ್ಚಿಕೊಳ್ಳುವ ಅಗತ್ಯವಿರಲಿಲ್ಲ. ಮೂರು ದಿನದಿಂದ ಅವನು ಇಡೀ ತಂಡಕ್ಕೆ ಸಮುದ್ರ ಕುಡಿಸಿದ್ದ. ಅವರು ತಿಮಿಂಗಿಲಕ್ಕೆ ಹೆದರಿ, ಅವನ ಮೇಲಿನ ಮಮತೆಗೆ ಕಟ್ಟುಬಿದ್ದು, ತುಟಿ ಪಿಟಕ್ಕೆನ್ನದೆ ಕುಡಿದಿದ್ದರು. ನಾಚಿಕೆಯಿಂದ ಅವನ ಕಿವಿಗಳು ಬಿಸಿಯಾದವು. ಆಮೇಲೆ ಅತ್ತಿಗೆಯ ಮನೆಯಲ್ಲಿದ್ದ ಗಿಂಡಿ ನೆನಪಾಯಿತು. ಬಂಡಿ ಹತ್ತಿ ಊರಿಗೆ ಹೋಗಿ ಅದನ್ನು ಚೆಲ್ಲಿ ಬರಬೇಕು ಅಂತ ಹೊರಗೆ ಬರುವಷ್ಟರಲ್ಲಿ ತಿಮಿಂಗಿಲ ಕಂಡು ದೋಣಿ ನೀರಿಗೆ ಇಳಿದಿತ್ತು. ದೋಣಿ ನೀರಲ್ಲಿರುವಾಗ ಅಂಚಿನಲ್ಲಿ ಮೋಟಾರಿನ ಸದ್ದು ಮಾಡುವಂತಿಲ್ಲ.

ಉಳಿದದ್ದೆಲ್ಲ ನಮ್ಮೂರಲ್ಲಿ ಎಲ್ಲರೂ ಹೇಳುವ ಕಥೆ: ಓಟಿಸ್ ದೋಣಿಯನ್ನು ಹೇಗೆ ತಿರುಗಿಸಿದ, ಈಟಿ ಎಲ್ಲಿ ನಾಟಿತು, ರೇಡಿಯೋದಲ್ಲಿ ಸುದ್ದಿ ಕೇಳಿ ಊರಿಗೆ ಊರೇ ಹೇಗೆ ಕುಣಿಯಿತು. ಅವನ್ನು ಅವರ ಬಾಯಲ್ಲೇ ಕೇಳಿ. ಪಾಮಿಯುಕ್ ಏನನ್ನೂ ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಊರಿನ ದಾರಿಯನ್ನು. ತಿಮಿಂಗಿಲವನ್ನು ಅಂಚಿಗೆ ತಂದು ಕಟ್ಟಿದರು. ಬೇರೆ ತಂಡದವರು, ಹೆಂಗಸರು, ಮುದುಕರು ಬಂದು ಸುತ್ತ ನೆರೆದರು. ಆಗ ನಿವಿಯಾಕ್ ಬಂದಳು. ತೋಳನ ತುಪ್ಪಳದ ಅಂಚಿನ ಹೊಸ ಕೋಟು ತೊಟ್ಟು, ಗಿಂಡಿಯನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದಳು. ಅವಳು ಮಾತು ಕಡಿಮೆಯ ಹೆಂಗಸು. ಮದುವೆಯಾಗಿ ಬಂದಾಗಿನಿಂದ ಮೈದುನನ ಜೊತೆ ಒಂದು ಹಾಸ್ಯದ ಮಾತು ಆಡಿದವಳಲ್ಲ.

ಜನ ದಾರಿ ಬಿಟ್ಟರು. ಅವಳು ಮಂಜಿನ ಅಂಚಿಗೆ ಮಂಡಿಯೂರಿ, ತಿಮಿಂಗಿಲದ ಮೂತಿಯ ಮೇಲೆ ಗಿಂಡಿಯನ್ನು ಹಿಡಿದಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನು ಪಾಮಿಯುಕ್ ಯೋಚಿಸಲಿಲ್ಲ ಅಂತ ನಾನು ಹೇಳುವುದಿಲ್ಲ, ಯೋಚಿಸಿದ. ಆದರೆ ಎದುರಿಗೆ ಬಿದ್ದಿದ್ದ ಆ ದೊಡ್ಡ ಕಪ್ಪು ಬಾಯಿ ಎಷ್ಟು ದೂರದಿಂದ ಬಾಯಾರಿ ಬಂದಿತ್ತು. ಅದಕ್ಕೆ ಕೊನೆಯಲ್ಲೂ ಉಪ್ಪು ಕುಡಿಸುವುದು ಅವನಿಂದ ಆಗಲಿಲ್ಲ.

"ಅತ್ತಿಗೆ, ಎರೀಬೇಡಿ," ಅಂದ. "ಅದು ಉಪ್ಪು ನೀರು."

ನಿವಿಯಾಕ್‌ಳ ಕೈ ಹಾಗೇ ನಿಂತಿತು. ತುಲುಗಾಕ್ ತಮ್ಮನ ಹತ್ತಿರ ಬಂದು, ನೀನೇ ರುಚಿ ನೋಡಿ ತಂದದ್ದಲ್ಲವೇ ಅಂತ ಮೆಲ್ಲಗೆ ಕೇಳಿದ.

"ನಂಗೆ ರುಚಿ ಗೊತ್ತಾಗಲ್ಲ ಅಣ್ಣ. ಜ್ವರ ಬಂದಾಗಿಂದ. ಹೇಳಿದ್ರೆ ಹಾರೆ ಕಿತ್ಕೋತೀರ ಅಂತ ಹೇಳ್ಲಿಲ್ಲ."

ಊರೆಲ್ಲ ಅವನನ್ನು ನೋಡಿತು. ಆ ನೋಟ ಎಲ್ಲಿ ಪ್ರೀತಿಗೆ ತಿರುಗುತ್ತದೋ ಅಂತ ಅವನು ತಲೆ ತಗ್ಗಿಸಿ ಕಾಯುತ್ತಿದ್ದಾಗ ಹಿಂದಿನಿಂದ ಓಟಿಸ್‌ನ ದನಿ ಬಂತು.

"ಮೊದಲೇ ಬೊಗಳೋಕೆ ಏನಾಗಿತ್ತೋ ನಿಂಗೆ? ಮೂರು ದಿನದಿಂದ ಸೀಲ್ ಥರ ಉಪ್ಪುನೀರು ಕುಡ್ದು ಕುಡ್ದು ನಂಗೆ ಮೀಸೆ ನೆಟ್ಟಗಾಗಿದೆ. ಇನ್ನೊಂದಿನ ಬಿಟ್ಟಿದ್ರೆ ನನ್ನನ್ನೇ ಈಟಿ ಹಾಕಿ ಎಳೀತಿದ್ರು."

ಈಟಿಗಾರ ಮೊದಲು ನಕ್ಕ. ಆಮೇಲೆ ತಂಡದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಮೂರು ದಿನ ಬಿಗಿಹಿಡಿದದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

ನಗು ಇಳಿದ ಮೇಲೆ ಕಷ್ಟ ಹಾಗೇ ಉಳಿದಿತ್ತು. ತಿಮಿಂಗಿಲ ಕಾಯುತ್ತಿತ್ತು, ತಡವಾದರೆ ಒಳಗಿನ ಬಿಸಿಗೆ ಮಾಂಸ ಕೆಡುತ್ತದೆ. ಬೇರೆ ತಂಡದ ಹೆಂಗಸೊಬ್ಬಳು ಅಂಗಡಿಯ ಬಾಟಲಿ ನೀರನ್ನು ಮುಂದೆ ಹಿಡಿದಳು. ಕಾಲ ಬದಲಾಗಿದೆ, ಇದನ್ನೇ ಎರೆಯಿರಿ, ತಪ್ಪಿಲ್ಲ ಅಂತ ಕೆಲವು ಹಿರಿಯರೂ ಅಂದರು. ನಿವಿಯಾಕ್ ಬಾಟಲಿಯನ್ನು ನೋಡಿದಳು, ಮೈದುನನನ್ನು ನೋಡಿದಳು. ಹತ್ತಿರದಲ್ಲಿ ಎಲ್ಲಾದರೂ ಇದೆಯೇ ಅಂತ ಅವನನ್ನು ಕೇಳಿದಳು.

ಇರಬಹುದು ಅಂದ ಪಾಮಿಯುಕ್. ದಡಕ್ಕೆ ಅಂಟಿದ ದಿಬ್ಬದ ಸಂದಿಯಲ್ಲಿ ಒಂದು ನಾಲ್ಕೈದು ತುಂಡು ಸಿಕ್ಕಿಕೊಂಡದ್ದನ್ನು ಬರುವಾಗ ಕಂಡಿದ್ದ. ಚಿಕ್ಕವು ಅಂತ ಬಿಟ್ಟು ಬಂದಿದ್ದ. ಆದರೆ ಅವುಗಳಲ್ಲಿ ಯಾವುದು ಅಂತ ಹೇಳಲು ಒಂದು ನಾಲಿಗೆ ಬೇಕು.

"ನಂದು ಇದೆಯಲ್ಲ," ಅಂದ ಓಟಿಸ್. "ಉಪ್ಪಿಗೆ ಚೆನ್ನಾಗಿ ಪಳಗಿದೆ."

ತಿಮಿಂಗಿಲವನ್ನು ಮೇಲೆಳೆಯುವ ಹಗ್ಗಕ್ಕೆ ಮಂಜಿನಲ್ಲಿ ಕಂಡಿ ಕೊರೆದು ರಾಟೆ ಹೂಡಬೇಕು, ಅಷ್ಟರೊಳಗೆ ಬನ್ನಿ ಅಂದ ತುಲುಗಾಕ್. ಭಾವಂದಿರಿಬ್ಬರೂ ಒಂದೇ ಬಂಡಿ ಹತ್ತಿದರು.

ದಿಬ್ಬದ ಹತ್ತಿರ ಪಾಮಿಯುಕ್ ಇಳಿದು ಗಡ್ಡೆಯಿಂದ ಗಡ್ಡೆಗೆ ಹೋದ. ಬೆರಳಲ್ಲಿ ಸವರಿದ, ಹಾರೆಯ ತುದಿಯಲ್ಲಿ ತಟ್ಟಿ ಸದ್ದು ಕೇಳಿದ. ಹಿಂದೆಯೇ ಓಟಿಸ್ ನಾಲಿಗೆ ಚಾಚಿಕೊಂಡು ಬರುತ್ತಿದ್ದ. ಮೊದಲನೆಯದನ್ನು ಚೀಪಿ ತಲೆ ಅಲ್ಲಾಡಿಸಿ, ಉಪ್ಪು ಅಂದ. ಎರಡನೆಯದೂ ಉಪ್ಪು. ಮೂರನೆಯದು ಪರವಾಗಿಲ್ಲ, ಮನುಷ್ಯರು ಕುಡಿಯಬಹುದು, ತಿಮಿಂಗಿಲಕ್ಕೆ ಬೇಡ ಅಂದ. ತಮಾಷೆ ಇಲ್ಲ, ನಗು ಇಲ್ಲ. ಭಾವ ಇಷ್ಟು ಗಂಭೀರವಾಗಿ ಮಾತಾಡಿದ್ದನ್ನು ಪಾಮಿಯುಕ್ ಸಾವಿನ ಮನೆಯಲ್ಲೂ ಕೇಳಿರಲಿಲ್ಲ.

ಎರಡು ದೊಡ್ಡ ಚಪ್ಪಡಿಗಳ ನಡುವೆ, ತೋಳು ತೂರಿಸಿದರೆ ಮಾತ್ರ ಸಿಗುವ ಹಾಗೆ, ದಿಂಬಿನಷ್ಟು ಗಾತ್ರದ್ದೊಂದು ಇತ್ತು. ಕಡುನೀಲಿ. ಹಾರೆ ತಾಗಿದ ಕೂಡಲೇ ಮೂಲೆ ಸಿಡಿದು ಚೂರುಗಳು ಮುಖಕ್ಕೆ ರಾಚಿದವು. ಪಾಮಿಯುಕ್ ಒಂದು ಚೂರನ್ನು ಹಿಂದಕ್ಕೆ ಚಾಚಿದ. ಓಟಿಸ್ ಅದನ್ನು ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ಹೊರಳಿಸಿದ. ಇನ್ನೊಂದು ಚೂರು ಕೇಳಿ ತೆಗೆದುಕೊಂಡ. ಅದನ್ನೂ ಕಟಕಟ ಅಗಿದು ನುಂಗಿ, ಮುಖ ಕಿವುಚಿದ.

"ಥೂ. ಇದಕ್ಕಿಂತ ನಿನ್ನ ಕಾಲುಚೀಲವೇ ವಾಸಿ ಕಣೋ."

ಪಾಮಿಯುಕ್ ಅಲ್ಲೇ ಮಂಜಿನ ಮೇಲೆ ಕೂತುಬಿಟ್ಟ. ಅವನಿಗೆ ಅಷ್ಟು ಸಂತೋಷವಾಗಿತ್ತು. ಓಟಿಸ್ ಅವನನ್ನು ರಟ್ಟೆ ಹಿಡಿದು ಎಬ್ಬಿಸಿದ. ಇಬ್ಬರೂ ಸೇರಿ ಗಡ್ಡೆಯನ್ನು ಬಿಡಿಸಿ, ಓಟಿಸ್‌ನ ಕೋಟಿನಲ್ಲಿ ಸುತ್ತಿ ಬಂಡಿಗೆ ಏರಿಸಿದರು.

ಡೇರೆಯ ಒಲೆಯ ಮೇಲೆ ಅದು ಕರಗಿತು. ನಿವಿಯಾಕ್ ಮೊದಲಿನ ನೀರನ್ನು ಕಡಲಿಗೆ ಚೆಲ್ಲಿ, ಗಿಂಡಿಯನ್ನು ಹೊಸ ನೀರಲ್ಲಿ ತೊಳೆದು ತುಂಬಿಕೊಂಡಳು. ಮತ್ತೆ ಮಂಡಿಯೂರಿ, ದೂರದಿಂದ ಬಂದ ನೆಂಟರನ್ನು ವಿಚಾರಿಸುವ ದನಿಯಲ್ಲಿ ತಿಮಿಂಗಿಲಕ್ಕೆ ಏನೋ ಹೇಳಿ, ಅದರ ಮೂತಿಯ ಮೇಲೆ, ಬಾಯಿಯ ಅಂಚಿನ ಮೇಲೆ ನಿಧಾನವಾಗಿ ಎರೆದಳು. ನೀರು ಹೊಳೆಯುತ್ತ ಕಪ್ಪು ತೊಗಲಿನ ಮೇಲಿಂದ ಬಾಯೊಳಗೆ ಇಳಿಯಿತು. ತುಲುಗಾಕ್ ತಮ್ಮನ ಪಕ್ಕದಲ್ಲಿ ನಿಂತಿದ್ದ. ಬರುವ ವರ್ಷದಿಂದ ನೀರಿಗೆ ಇಬ್ಬರೂ ಹೋಗಿ, ಹಾರೆ ನಿನ್ನ ಹತ್ತಿರವೇ ಇರಲಿ ಅಂದ. ಪಾಮಿಯುಕ್ ತಲೆಯಾಡಿಸಿದ.

ಗಿಂಡಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ತಿಮಿಂಗಿಲ ಕುಡಿದಾದ ಮೇಲೆ ಯಾರು ಬೇಕಾದರೂ ಕುಡಿಯಬಹುದು. ನಿವಿಯಾಕ್ ಎದ್ದು ಅದನ್ನು ಪಾಮಿಯುಕ್‌ನ ಕೈಗೆ ಕೊಟ್ಟಳು. ಅವನು ಒಂದು ಗುಟುಕು ಕುಡಿದ. ಸಿಹಿಯೋ ಉಪ್ಪೋ ತಿಳಿಯಲಿಲ್ಲ, ತಣ್ಣಗಿತ್ತು ಅಷ್ಟೇ. ಗಿಂಡಿಯನ್ನು ವಾಪಸು ಕೊಡುತ್ತ, ಹೇಗಿದೆ ನೀವೇ ನೋಡಿ ಹೇಳಿ ಅತ್ತಿಗೆ ಅಂದ.

ಅವಳು ಉಳಿದದ್ದನ್ನು ಕುಡಿದಳು. ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. ಸುತ್ತ ನಿಂತವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಜೀವಮಾನದಲ್ಲಿ ತಮಾಷೆ ಆಡದ ಆ ಹೆಂಗಸು ತುಟಿ ಒರೆಸಿಕೊಂಡು, ಗಿಂಡಿಯ ಮುಚ್ಚಳ ಹಾಕಿ, ಮೈದುನನ ಮುಖವನ್ನು ನೇರವಾಗಿ ನೋಡಿದಳು.

"ನಮ್ಮನೆ ನಲ್ಲಿ ನೀರೇ ಎಷ್ಟೋ ವಾಸಿ ಇತ್ತಪ್ಪ," ಅಂದಳು.